ಒಂದೇ ಮೀಟರಿನ ಕೋಣೆಗಳು

ವೆಂಕಟೇಶ್ವರ ರಾಯರು ಒದ್ದೆ ಬಟ್ಟೆಯಿಂದ ಯಂತ್ರದ ಮುಖ ಒರೆಸುತ್ತಿದ್ದರು. ಒರೆಸಿ, ಬಟ್ಟೆಯನ್ನು ಬಾಲ್ದಿಯಲ್ಲಿ ಅದ್ದಿ, ಹಿಂಡಿ, ಮತ್ತೆ ಒರೆಸಿದರು. ಆಯುಧಪೂಜೆಯ ದಿನ ಹಚ್ಚಿದ ಗಂಧ ಕುಂಕುಮ ಒಣಗಿ ತಗಡಿಗೆ ಅಂಟಿಕೊಂಡಿತ್ತು. ಬಾಲ್ದಿಯ ನೀರು ಮೆಲ್ಲಗೆ ಕೆಂಪಾಗುತ್ತಿತ್ತು.

ವಾಗ್ದೇವಿ ಸ್ಟೂಲಿನ ಮೇಲೆ ಕುಳಿತು ಅವರ ಕೈಯನ್ನೇ ನೋಡುತ್ತಿದ್ದಳು. ವಕೀಲೆ ಮುರ್ಶಿದಾ ಬಾಗಿಲಿಗೆ ಒರಗಿ ನಿಂತಿದ್ದಳು.

ಮೂಡುಬಿದಿರೆಯ ಬಸ್‌ನಿಲ್ದಾಣದ ಹಿಂದೆ, ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ರಾಯರ ಈ ಕೋಣೆ. ಬೀರುವಿನಷ್ಟು ಎತ್ತರದ ಕಪ್ಪು ಯಂತ್ರಗಳು ಮೂರು. ಸುತ್ತಲಿನ ಶಾಲೆ, ಕ್ಲಿನಿಕ್, ಸಂಘಗಳ ಕಡತಗಳೆಲ್ಲ ಇವುಗಳ ಒಳಗೆ ಬಾಡಿಗೆಗೆ ಇದ್ದವು. ಒಂದೊಂದು ಯಂತ್ರವನ್ನೂ ತಂತ್ರಾಂಶವೊಂದು ಕೋಣೆ ಕೋಣೆಯಾಗಿ ಭಾಗ ಮಾಡಿಕೊಡುತ್ತದೆ. ಪ್ರತಿ ಬಾಡಿಗೆದಾರನಿಗೂ ಇಡೀ ಯಂತ್ರ ತನ್ನದೇ ಎಂಬಂತೆ ಕಾಣುತ್ತದೆ.

ರಾಯರು ಮೂರನೆಯ ಯಂತ್ರವನ್ನು ಒರೆಸಿ ಮುಗಿಸುವವರೆಗೂ ವಾಗ್ದೇವಿ ಕಾದಳು.

"ರಾಯರೇ, ಆಯುಧಪೂಜೆಯ ಕುಂಕುಮ ಮುಂದಿನ ನವರಾತ್ರಿವರೆಗೆ ಇರ್ತದಲ್ವಾ? ನಮ್ಮ ಮನೆಯ ಹೊಲಿಗೆ ಮಿಷನಿನಲ್ಲಿ ಈಗಲೂ ಉಂಟು."

"ಧೂಳು ಕೂರ್ತದೆ ಅಮ್ಮಾ."

"ನಾವು ಫೋನ್ ಮಾಡಿದ ಮೇಲೆಯೇ ಕೂತದ್ದಾ?" ಎಂದಳು ಮುರ್ಶಿದಾ.

ರಾಯರು ಬಟ್ಟೆಯನ್ನು ಬಾಲ್ದಿಯೊಳಗೆ ಬಿಟ್ಟರು. ಮೇಲೆತ್ತಲಿಲ್ಲ.

ವಾಗ್ದೇವಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟಿಗೆ ಬೇಕಾದ ತ್ರಾಣವೂ ಉಳಿದಿರಲಿಲ್ಲ. ಹೊಡೆಯುವ ಗಂಡನಿಂದ ಓಡಿಬಂದು ಆಶ್ರಯ ಕೇಂದ್ರ ಸೇರಿದ್ದ ಪ್ರಾಪ್ತಿಯ ವಿಳಾಸ ಹೇಗೋ ಹೊರಗೆ ಹೋಗಿತ್ತು. ಗಂಡ ಜಿತೇಶ್ ಕತ್ತಿ ಹಿಡಿದು ಅವಳಿದ್ದ ಹಾಸ್ಟೆಲಿನ ಗೇಟಿಗೆ ಬಂದಿದ್ದ. ಆ ದಿನ ಅವಳು ಹಿಂದಿನ ಕಂಪೌಂಡು ಹಾರಿ ಬದುಕಿದಳು. ವಿಳಾಸವಿದ್ದ ಫೈಲಿನ ಕೀಲಿ ಕೇಂದ್ರದ ನೌಕರ ಶಿಶಿರ್‌ನ ಬಳಿ ಮಾತ್ರ ಇತ್ತೆಂದು ಪೊಲೀಸರು ಅವನನ್ನು ಒಳಗೆ ಹಾಕಿದರು. ಅವನ ವಕಾಲತ್ತು ಹಿಡಿದ ಮುರ್ಶಿದಾಳ ಜೊತೆ ವಾಗ್ದೇವಿ ನಿಜ ಹುಡುಕುತ್ತಿದ್ದಳು. ಜಿತೇಶ್ ಜಾಮೀನು ಪಡೆದು ಹೊರಗೆ ಬಂದ. ಪ್ರಾಪ್ತಿಯನ್ನು ಬೇರೆ ಕಡೆ ಅಡಗಿಸಿದರು.

ಶಿಶಿರ್ ಕಳ್ಳನಾದರೆ ಅವಳಿಗೆ ಇನ್ನು ಭಯವಿಲ್ಲ. ಅವನು ಕಳ್ಳನಲ್ಲದಿದ್ದರೆ, ಜಿತೇಶ್ ಅವಳನ್ನು ಇನ್ನೊಮ್ಮೆ ಹುಡುಕುತ್ತಾನೆ. ಈ ಸಲ ಹಾರಲು ಕಂಪೌಂಡು ಇರಬೇಕೆಂದಿಲ್ಲ.

"ನೀವು ತೊಳೆಯುವ ಮೊದಲು ನಾನು ನೋಡಿದೆ," ಎಂದಳು ವಾಗ್ದೇವಿ. "ಈಚೆಯದಕ್ಕೂ ಆಚೆಯದಕ್ಕೂ ಸ್ವಿಚ್ಚಿನ ಮೇಲೆಯೇ ದಪ್ಪ ಬೊಟ್ಟು ಇತ್ತು. ನಡುವಿನದಕ್ಕೆ ಮಾತ್ರ ಸ್ವಿಚ್ಚು ಬಿಟ್ಟು ಪಕ್ಕದಲ್ಲಿ. ಬೊಟ್ಟು ಇಟ್ಟವರಿಗೆ ಆ ಸ್ವಿಚ್ಚಿಗೆ ಬೆರಳು ತಾಗಿಸಲು ಹೆದರಿಕೆ ಇತ್ತು. ಯಾಕೆ?"

ರಾಯರು ನಡುವಿನ ಯಂತ್ರದ ಕಡೆಗೆ ನೋಡಿದರು. ವಾಗ್ದೇವಿಯೇ ಹೇಳಿದಳು.

"ಯಾಕೆಂದರೆ ಅದೊಂದೇ ಓಡ್ತಾ ಇತ್ತು."

ಅವರು ಪಂಚೆಯ ತುದಿಯಿಂದ ಕೈ ಒರೆಸಿಕೊಂಡರು. ಆಮೇಲೆ ನಿಧಾನವಾಗಿ, ಶಾಲೆಯ ಪಾಠ ಒಪ್ಪಿಸುವವರಂತೆ ಹೇಳಿದರು. "ಪೂಜೆಗೆ ಇಟ್ಟ ಆಯುಧವನ್ನು ದಶಮಿಯ ಪೂಜೆ ಆಗದೆ ಎತ್ತಬಾರದು. ನನ್ನ ಅಪ್ಪ ಅಡಿಕೆ ಕತ್ತರಿಯನ್ನು ಸಹ ಮುಟ್ತಿರ್ಲಿಲ್ಲ. ಆದ್ರೆ ಕ್ಲಿನಿಕ್ಕಿನವರು ನಿಲ್ಲಿಸ್ಲಿಕ್ಕೆ ಬಿಡ್ತಾರಾ? ದೇವರಿಗೂ ಆಗಬೇಕು, ಊರಿಗೂ ಆಗಬೇಕು. ಎರಡನ್ನು ಪೂಜೆಗೆ ನಿಲ್ಲಿಸಿದೆ. ಒಂದನ್ನು ಬಿಟ್ಟೆ."

"ಎಲ್ಲರನ್ನೂ ಆ ಒಂದರೊಳಗೆ ಹಾಕಿದಿರಿ."

"ಹೂಂ."

"ಆಶ್ರಯ ಕೇಂದ್ರದವರನ್ನೂ. ಅವರಿಗೆ ಬೇರೆಯೇ ಯಂತ್ರ ಅಂತ ಮಾತು ಕೊಟ್ಟಿದ್ದಿರಿ."

"ಒಂದು ದಿನಕ್ಕೆ ಅಮ್ಮಾ, ಒಂದೇ ದಿನಕ್ಕೆ! ಗೋಡೆ ಗಟ್ಟಿ ಉಂಟು. ಒಬ್ಬರ ಕೋಣೆಯಿಂದ ಇನ್ನೊಬ್ಬರ ಕೋಣೆಗೆ ಇಣುಕ್ಲಿಕ್ಕೆ ಆಗುದೇ ಇಲ್ಲ."

"ಗೋಡೆ ಇರಲಿ. ಮೀಟರ್ ಎಷ್ಟು?"

"ಒಂದೇ..." ಎಂದರು ರಾಯರು.

ಮುರ್ಶಿದಾ ಕಳೆದ ವಾರವಿಡೀ ಓದಿ ತಿಳಿದುಕೊಂಡದ್ದು ಇದನ್ನೇ. ಯಂತ್ರ ಪ್ರತಿ ಕ್ಷಣ ಎಷ್ಟು ಕರೆಂಟ್ ಎಳೆಯುತ್ತದೆ ಎಂದು ಅಳೆಯುವ ಮೀಟರ್ ಅದರ ಹೊಟ್ಟೆಯೊಳಗೇ ಇದೆ. ಕೀಲಿ ಎಂದರೆ ಒಂದು ಉದ್ದ ಸಂಖ್ಯೆ. ಫೈಲಿಗೆ ಬೀಗ ಹಾಕುವಾಗ ಯಂತ್ರ ಆ ಸಂಖ್ಯೆಯ ಒಂದೊಂದು ಅಂಕಿಯನ್ನೂ ಹಿಡಿದು ಲೆಕ್ಕ ಮಾಡುತ್ತದೆ. ಒಂದು ಅಂಕಿಗೆ ಕರೆಂಟ್ ಚೂರು ಹೆಚ್ಚು, ಇನ್ನೊಂದಕ್ಕೆ ಚೂರು ಕಡಿಮೆ. ಒಮ್ಮೆ ನೋಡಿದರೆ ಏನೂ ಗೊತ್ತಾಗದು. ಸಾವಿರ ಸಾವಿರ ಸಲ ನೋಡುತ್ತ ಕುಳಿತವನಿಗೆ ಇಡೀ ಕೀಲಿ ಕೈಗೆ ಬರುತ್ತದೆ. ಗೋಡೆ ಮುಟ್ಟಬೇಕಾಗಿಯೇ ಇಲ್ಲ.

ಮೊದಲ ಸಲ ಕೇಳಿದಾಗ ವಾಗ್ದೇವಿಗೆ ಪಾಣೆಮಂಗಳೂರಿನ ಹಳೆಯ ಸಾಲುಮನೆ ನೆನಪಾಗಿತ್ತು. ಸಾಲಿಗೆಲ್ಲ ಒಂದೇ ಮೀಟರ್. ಅಡುಗೆಮನೆಯ ಬಲ್ಬು ಮಂಕಾದರೆ ಅಮ್ಮ ತಲೆ ಎತ್ತದೆ "ಪಕ್ಕದ ಮನೆಯ ಖದೀಜ ಅರೆಯಲಿಕ್ಕೆ ಹಾಕಿದಳು" ಎನ್ನುತ್ತಿದ್ದರು. ಇನ್ನಷ್ಟು ಮಂಕಾದರೆ "ಇಸ್ತ್ರಿ ಹಾಕ್ತಾಳೆ, ಎಲ್ಲಿಗೋ ಹೊರಟಿದ್ದಾಳೆ" ಎನ್ನುತ್ತಿದ್ದರು. ಅಮ್ಮನ ಮಾತು ಒಮ್ಮೆಯೂ ತಪ್ಪಿದ್ದಿಲ್ಲ.

"ನವಮಿಯ ದಿನ ಶಿಶಿರ್ ಮನೆಯಲ್ಲಿ ಕೂತೇ ಇಲ್ಲಿಯ ಯಂತ್ರದಲ್ಲಿ ಕೇಂದ್ರದ ಹಳೆಯ ಫೈಲುಗಳಿಗೆಲ್ಲ ಹೊಸದಾಗಿ ಬೀಗ ಹಾಕಿದ," ಎಂದಳು ಮುರ್ಶಿದಾ. "ಬೆಳಿಗ್ಗೆಯಿಂದ ಸಂಜೆವರೆಗೆ. ರಜೆ ಅಲ್ವಾ, ಕೆಲಸ ಮುಗಿಸುವ ಅಂತ. ಕೀಲಿ ಅಷ್ಟು ಸಲ ಬಳಸಿದ್ದು ಅವನೇ, ಹಾಗಾಗಿ ಕಳ್ಳನೂ ಅವನೇ ಅಂತ ಪೊಲೀಸರ ಲೆಕ್ಕ. ಪಕ್ಕದ ಕೋಣೆಯಲ್ಲಿ ಒಬ್ಬ ಮೀಟರ್ ನೋಡ್ತಾ ಕೂತಿದ್ದ ಅಂತ ಹೇಳಿದ್ರೆ ನಗ್ತಾರೆ."

"ಮೀಟರನ್ನು ಬಾಡಿಗೆದಾರರಿಗೆ ಕಾಣದ ಹಾಗೆ ಮುಚ್ಚಿ ಅಂತ ತಂತ್ರಾಂಶ ಮಾಡಿದವರು ಎಲ್ಲರಿಗೂ ತಿಳಿಸಿದ್ದರಲ್ಲ ರಾಯರೇ?" ಎಂದಳು ವಾಗ್ದೇವಿ. "ನೀವು ಮುಚ್ಚಲಿಲ್ವಾ?"

"ಮುಚ್ಚಿದ್ದೆ! ದೇವರಾಣೆ ಮುಚ್ಚಿದ್ದೆ." ರಾಯರು ಎರಡೂ ಕೈ ಎತ್ತಿದರು. "ಗಲಾಟೆ ಆಯ್ತು. ಕರೆಂಟಿನ ಬಿಲ್ಲು ಎಲ್ಲರಿಗೂ ಪಾಲು ಅಲ್ವಾ. ಮೀಟರ್ ಕಾಣದಿದ್ರೆ ಯಾರದ್ದು ಎಷ್ಟು ಅಂತ ಹೇಗೆ ಗೊತ್ತಾಗುದು, ರಾಯರು ತಮ್ಮ ಏಸಿಯ ಬಿಲ್ಲನ್ನು ನಮ್ಮ ತಲೆಗೆ ಹಾಕ್ತಾರೆ ಅಂತ ಹೇಳಿದ್ರು. ನಾನು ಇಷ್ಟು ವರ್ಷದಲ್ಲಿ ಒಬ್ಬರ ಒಂದು ರೂಪಾಯಿ ಮುಟ್ಟಿದವನಲ್ಲ. ನೋಡಿಕೊಳ್ಳಿ ಅಂತ ಎಲ್ಲರಿಗೂ ಪುನಃ ತೆರೆದಿಟ್ಟೆ."

"ಮೊದಲು ಗಲಾಟೆ ಎಬ್ಬಿಸಿದವರು ಯಾರು?"

ರಾಯರು ಯೋಚಿಸಿದರು. ಉತ್ತರ ಹೊಳೆದದ್ದು ಅವರ ಮುಖದಲ್ಲೇ ಕಾಣಿಸಿತು.

"ಕೃಷ್ಣಪ್ರಸಾದ್. ಬೆಳ್ತಂಗಡಿಯಲ್ಲಿ ಕಂಪ್ಯೂಟರ್ ಕ್ಲಾಸ್ ಮಾಡ್ತಾನಲ್ಲ, ಅವ."

"ಅವನ ಕೋಣೆ ತೋರಿಸಿ."

"ದೀಪಾವಳಿಗೆ ಮೊದಲೇ ಬಿಟ್ಟು ಹೋದ."

"ಬಿಟ್ಟು ಹೋದರೂ ಒಳಗೆ ಏನಾದರೂ ಉಳಿದಿರ್ತದೆ."

"ಇಲ್ಲ ಅಮ್ಮಾ. ಒಬ್ಬರು ಬಿಟ್ಟ ಕೋಣೆಯನ್ನು ಗುಡಿಸಿ ಸಾರಿಸಿಯೇ ಇನ್ನೊಬ್ಬರಿಗೆ ಕೊಡುದು ನಮ್ಮ ಕ್ರಮ. ಎಲ್ಲ ಅಳಿಸಿದ್ದೇನೆ. ಮೀಟರನ್ನೂ ನಿನ್ನೆ ಪುನಃ ಮುಚ್ಚಿದೆ."

ಮುರ್ಶಿದಾ ಕಣ್ಣು ಮುಚ್ಚಿದಳು. ಕಳ್ಳ ಬಂದ ದಾರಿ ಗೊತ್ತಾಗುವ ಹೊತ್ತಿಗೆ, ದಾರಿಯನ್ನೇ ಈ ಪ್ರಾಮಾಣಿಕ ಮನುಷ್ಯ ತೊಳೆದು ಇಟ್ಟಿದ್ದರು.

"ಕೋರ್ಟಿಗೆ ಬಂದು ಇಷ್ಟು ಹೇಳ್ತೀರಾ?" ಎಂದಳು ವಾಗ್ದೇವಿ.

ರಾಯರು ಬಾಲ್ದಿ ಎತ್ತಿಕೊಂಡು ಹೊರಗೆ ಹೋದರು. ಬಚ್ಚಲಿನಲ್ಲಿ ನೀರು ಚೆಲ್ಲಿದ ಸದ್ದು ಕೇಳಿಸಿತು. ಅವರು ಮರಳಿ ಬರಲಿಲ್ಲ.

*

ಬೆಳ್ತಂಗಡಿಗೆ ಹೊರಟ ಕಾರು ವೇಣೂರು ದಾಟಿತು.

"ಅಕ್ಕ, ನಾವು ಯಾಕೆ ಹೋಗ್ತಾ ಇದ್ದೇವೆ?" ಎಂದಳು ಮುರ್ಶಿದಾ. "ಸಾಕ್ಷಿ ಇಲ್ಲ. ಅವ ಒಪ್ಪಿಕೊಂಡರೂ ನಾಳೆ ಹೇಳಲೇ ಇಲ್ಲ ಅಂತಾನೆ."

"ಮುಖ ನೋಡ್ಲಿಕ್ಕೆ."

"ಮುಖ ನೋಡಿ ಎಂತ ಮಾಡುದು? ಫೋಟೋ ತೆಗೆದು ಜಡ್ಜಿಗೆ ಕೊಡುದಾ?"

ವಾಗ್ದೇವಿ ಕಿಟಕಿಯ ಹೊರಗೆ ನೋಡಿದಳು. ಮುರ್ಶಿದಾಳ ಮಾತಿನಲ್ಲಿ ತಪ್ಪಿರಲಿಲ್ಲ.

"ಪ್ರಾಪ್ತಿ ಈಗ ಎಲ್ಲಿದ್ದಾಳೆ ಅಂತ ನಿಮಗೆ ಗೊತ್ತುಂಟಾ?" ಎಂದಳು ಮುರ್ಶಿದಾ.

"ಇಲ್ಲ. ನಿನಗೂ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಅವಳಿಗೆ ಒಳ್ಳೆಯದು."

*

ಕೃಷ್ಣಪ್ರಸಾದ್‌ನ ಕ್ಲಾಸು ಬೆಳ್ತಂಗಡಿ ಪೇಟೆಯಲ್ಲಿ, ಒಂದು ಬೇಕರಿಯ ಮೇಲೆ. ಪಕ್ಕದ ಕೋಣೆಯಲ್ಲಿ ಹುಡುಗಿಯರು ಟೈಪಿಂಗ್ ಕಲಿಯುತ್ತಿದ್ದರು. ಅವನು ಎದ್ದು ಬಂದು ಫ್ಯಾನು ಹಾಕಿದ. ತಾನೇ ಎರಡು ಲೋಟ ಪುನರ್ಪುಳಿ ಶರಬತ್ತು ತಂದಿಟ್ಟ. ದುಂಡು ಮುಖ, ಇಸ್ತ್ರಿ ಮಾಡಿದ ಅಂಗಿ. ಎಲ್ಲ ತಾಯಂದಿರೂ ಒಳ್ಳೆಯವನೆನ್ನುವಂಥ ಮನುಷ್ಯ.

"ನೀವು ಬರ್ತೀರಿ ಅಂತ ಗೊತ್ತಿತ್ತು. ರಾಯರು ಫೋನ್ ಮಾಡಿದ್ರು. ಪಾಪ, ಅತ್ತೇ ಬಿಟ್ರು. ಕುಡೀರಿ, ಮನೆಯಲ್ಲೇ ಮಾಡಿದ್ದು."

ಇಬ್ಬರೂ ಲೋಟ ಮುಟ್ಟಲಿಲ್ಲ.

"ನವಮಿಯ ದಿನ ಮೀಟರ್ ನೋಡಿದ್ದು ನೀವಾ?" ಎಂದಳು ವಾಗ್ದೇವಿ.

"ನೋಡಿದೆ. ಬಾಡಿಗೆ ಕೊಡುವವ ಮೀಟರ್ ನೋಡ್ಲಿಕ್ಕಿಲ್ವಾ? ಒಳ್ಳೆ ಕಥೆ ಮಾರಾಯ್ರೇ."

"ಕರೆಂಟು ಬಿಲ್ಲಿಗಾಗಿ ಒಂದು ಸೆಕೆಂಡಿಗೆ ಸಾವಿರ ಸಲ ಮೀಟರ್ ನೋಡುವ ಮನುಷ್ಯರನ್ನು ನಾನು ಈಗಲೇ ಕಾಣುದು," ಎಂದಳು ಮುರ್ಶಿದಾ.

"ಜಿಪುಣ ಅಂತ ತಿಳ್ಕೊಳ್ಳಿ." ಅವನು ನಕ್ಕ. "ಜಿಪುಣತನಕ್ಕೆ ಯಾವ ಸೆಕ್ಷನ್ ಉಂಟು ವಕೀಲರೇ? ನಾನು ಯಾರ ಬೀಗ ಒಡೆದಿದ್ದೇನೆ? ಯಾರ ಗೋಡೆ ಕೊರೆದಿದ್ದೇನೆ? ರಾಯರು ಜಗಲಿಯಲ್ಲಿ ತೆರೆದಿಟ್ಟದ್ದನ್ನು ನೋಡಿದ್ದೇನೆ."

"ನೋಡಿ, ಕೀಲಿ ಮಾಡಿ, ಜಿತೇಶ್‌ಗೆ ಕೊಟ್ಟಿರಿ."

"ನೀವು ಹೇಳ್ತಾ ಇದ್ದೀರಿ. ನಾನು ಹೇಳ್ಲಿಲ್ಲ."

"ಜಿತೇಶ್ ನಿಮಗೆ ಏನಾಗಬೇಕು?"

"ಒಂದೇ ಬೆಂಚಿನವರು. ಒಂದನೇ ಕ್ಲಾಸಿನಿಂದ." ಅವನ ಮುಖದ ನಗು ಸ್ವಲ್ಪ ಇಳಿಯಿತು. "ದುಬೈಯಿಂದ ಬಂದವ ಸೀದಾ ಇಲ್ಲಿಗೆ ಬಂದ. ನೀವು ಕೂತ ಕುರ್ಚಿಯಲ್ಲೇ ಕೂತು ಅತ್ತ ಮೇಡಂ. ಗಂಡಸು ಹಾಗೆ ಅಳುದು ನಾನು ನೋಡಿಲ್ಲ. ಒಂದು ಸಲ ಮಾತಾಡ್ತೇನೆ, ಕಾಲು ಹಿಡಿದಾದ್ರೂ ಕರ್ಕೊಂಡು ಬರ್ತೇನೆ ಅಂದ. ಮನೆ ಮುರಿದವರ ಮನೆ ಕೂಡಿಸಿದ್ರೆ ಪುಣ್ಯ ಅಲ್ವಾ?"

"ಕಾಲು ಹಿಡಿಯಲಿಕ್ಕೆ ಕತ್ತಿ ಯಾಕೆ ತಂದ?"

"ಅದು ನನಗೆ ಗೊತ್ತಿರ್ಲಿಲ್ಲ."

"ಗೊತ್ತಾದ ಮೇಲೆ?"

ಪಕ್ಕದ ಕೋಣೆಯ ಟೈಪಿಂಗ್ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಯಿತು. ಕೃಷ್ಣಪ್ರಸಾದ್ ಮೇಜಿನ ಮೇಲಿನ ಲೋಟವನ್ನು ಬೆರಳಿನಿಂದ ತಿರುಗಿಸಿದ.

"ಒಬ್ಬ ಏನೂ ಮಾಡದ ಹುಡುಗ ಜೈಲಿನಲ್ಲಿದ್ದಾನೆ," ಎಂದಳು ವಾಗ್ದೇವಿ. "ಅವನ ತಾಯಿ ಕಾಂತಿ ದಿನವೂ ಗೇಟಿನ ಹೊರಗೆ ಊಟದ ಬುತ್ತಿ ಹಿಡಿದು ನಿಲ್ತಾರೆ. ಒಳಗೆ ತಗೊಳ್ಳುವುದಿಲ್ಲ ಅಂತ ಗೊತ್ತಿದ್ದರೂ ತರ್ತಾರೆ. ನೀವು ಸ್ಟೇಷನ್ನಿಗೆ ಬಂದು ಒಂದು ಮಾತು ಹೇಳಿದರೆ ಸಾಕು."

"ಹೇಳಿದ್ರೆ ಅವನ ಜಾಗದಲ್ಲಿ ನಾನು ಕೂರಬೇಕು." ಅವನು ಬಹಳ ಸಮಾಧಾನದಿಂದ ಹೇಳಿದ. "ನನಗೂ ಅಮ್ಮ ಇದ್ದಾರೆ ಮೇಡಂ. ಶಿಶಿರ್‌ಗೆ ಬೇಲ್ ಇವತ್ತಲ್ಲ ನಾಳೆ ಸಿಗ್ತದೆ. ಮತ್ತೆ ಆ ಹೆಂಗಸಿನ ಚಿಂತೆಯನ್ನೂ ನೀವು ಬಿಡಿ. ಹಾಸ್ಟೆಲಿಗಿಂತ ಎಷ್ಟೋ ವಾಸಿ ಈಗ. ಹೊಳೆಯ ಬದಿಯ ಮನೆ, ಒಳ್ಳೆ ಗಾಳಿ ಬೆಳಕು..."

ಅವನು ಅಲ್ಲಿಗೆ ನಿಲ್ಲಿಸಿದ.

ವಾಗ್ದೇವಿ ಅವನನ್ನೇ ನೋಡಿದಳು. ಕೃಷ್ಣಪ್ರಸಾದ್‌ನ ಕಿವಿಯ ಬುಡ ಕೆಂಪಾದದ್ದು ಕಾಣಿಸಿತು.

"ಹೊಳೆಯ ಬದಿ ಅಂತ ನನಗೇ ಗೊತ್ತಿರಲಿಲ್ಲ," ಎಂದಳು. "ನಿಮಗೆ ಯಾರು ಹೇಳಿದರು?"

"ಯಾರೋ ಪೇಟೆಯಲ್ಲಿ..."

"ಪೇಟೆಯಲ್ಲಿ ಯಾರಿಗೂ ಗೊತ್ತಿಲ್ಲ. ಹೊಸ ವಿಳಾಸ ಇರುವುದು ಒಂದೇ ಕಡೆ. ಅದೇ ಫೈಲಿನಲ್ಲಿ. ನೀವು ಪುನಃ ತೆರೆದಿರಿ."

"ನಾನು ತೆರೀಲಿಲ್ಲ!" ಅವನು ಎದ್ದು ನಿಂತ. ಮೊದಲ ಬಾರಿಗೆ ಅವನ ಸ್ವರದಲ್ಲಿ ಹೆದರಿಕೆ ಇತ್ತು. "ದೇವರಾಣೆ ನಾನು ಆಮೇಲೆ ಮುಟ್ಲಿಲ್ಲ. ಕೀಲಿ ಜಿತೇಶ್ ಹತ್ತಿರವೂ ಉಂಟು. ಅದಿದ್ರೆ ದುಬೈಯಿಂದ ಬೇಕಾದ್ರೂ ತೆರೀಬಹುದು. ನಿನ್ನೆ ಅವನೇ ಫೋನ್ ಮಾಡಿ ಹೇಳಿದ, ಹೊಳೆಯ ಬದಿಯಲ್ಲಿ ಇಟ್ಟಿದ್ದಾರೆ, ಒಳ್ಳೆ ಜಾಗ ಅಂತ. ನಾನು ಹೇಳಿದೆ ಮೇಡಂ, ಇನ್ನು ಬೇಡ ಮಾರಾಯ, ಬಿಟ್ಟುಬಿಡು ಅಂತ ಹೇಳಿದೆ."

"ಅವನು ಏನೆಂದ?"

ಕೃಷ್ಣಪ್ರಸಾದ್ ಕುಳಿತುಕೊಂಡ.

"ಫೋನ್ ಇಟ್ಟ."

*

ಮೆಟ್ಟಿಲು ಇಳಿಯುತ್ತಲೇ ವಾಗ್ದೇವಿ ಆಶ್ರಯ ಕೇಂದ್ರದ ಮೇಲ್ವಿಚಾರಕಿ ಸುರಕ್ಷಾಗೆ ಫೋನ್ ಮಾಡಿದಳು.

"ಫೈಲಿನ ಕೀಲಿ ಬದಲಾಯಿಸಿದ್ದೀರಾ?"

"ಇಲ್ಲ ಅಕ್ಕ. ಬದಲಾಯಿಸ್ಲಿಕ್ಕೆ ಶಿಶಿರ್‌ಗೆ ಮಾತ್ರ ಬರ್ತದೆ. ಅವ ಒಳಗೆ ಇದ್ದಾನಲ್ಲ." ಆ ಕಡೆ ಪಾತ್ರೆಗಳ ಸದ್ದು, ಒಂದು ಮಗುವಿನ ಅಳು. "ಕಳ್ಳ ಸಿಕ್ಕಿದ ಮೇಲೆ ಇನ್ನು ಹೆದರಿಕೆ ಇಲ್ಲ ಅಂತ ಪೊಲೀಸರೇ ಹೇಳಿದ್ರು."

"ಪ್ರಾಪ್ತಿ ಎಲ್ಲಿದ್ದಾಳೆ?"

"ಅದು ಫೋನಿನಲ್ಲಿ ಹೇಳಬಾರದು ಅಂತ ನಿಯಮ ಉಂಟು. ಫೈಲಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ಯಾರಿಗೂ ಸಿಗುದಿಲ್ಲ."

"ಸುರಕ್ಷಾ, ಜಿತೇಶ್‌ಗೆ ಸಿಕ್ಕಿದೆ. ಈಗ ಹೇಳಿ."

ಸುರಕ್ಷಾ ಪಾತ್ರೆಗಳ ಸದ್ದಿನಿಂದ ದೂರ ಹೋದಳು. ಆಮೇಲೆ ಅವಳು ಹೇಳಿದಳು. ನರಿಕೊಂಬು. ದೋಣಿ ಕಟ್ಟುವ ಕಡವಿನ ಹತ್ತಿರದ ಒಂಟಿ ಮನೆ.

ಕಾರು ಪುಂಜಾಲಕಟ್ಟೆ ದಾಟುವವರೆಗೆ ಮುರ್ಶಿದಾ ಪೊಲೀಸರಿಗೆ ವಿವರಿಸುತ್ತಲೇ ಇದ್ದಳು. ಫೋನು ಕಿವಿಗೆ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಸ್ಟಿಯರಿಂಗ್ ಹಿಡಿದು. ಮೀಟರ್ ಎಂದಳು, ಕೀಲಿ ಎಂದಳು, ಪೂಜೆ ಎಂದಳು. ಕೊನೆಗೆ "ಒಬ್ಬ ಗಂಡಸು ಹೆಂಡತಿಯನ್ನು ಕೊಲ್ಲಲಿಕ್ಕೆ ಹೋಗ್ತಾ ಇದ್ದಾನೆ ಸರ್" ಎಂದಾಗ ಆ ಕಡೆಯವರಿಗೆ ಅರ್ಥವಾಯಿತು. ಜೀಪು ಕಳಿಸುತ್ತೇವೆ ಎಂದರು.

ಸುರಕ್ಷಾ ಮತ್ತೆ ಫೋನ್ ಮಾಡಿದಳು. ಪ್ರಾಪ್ತಿ ಫೋನ್ ಎತ್ತುತ್ತಿಲ್ಲ ಎಂದಳು.

"ಅಕ್ಕ," ಎಂದಳು ಮುರ್ಶಿದಾ, ರಸ್ತೆಯಿಂದ ಕಣ್ಣು ತೆಗೆಯದೆ. "ಶಿಶಿರ್ ಜೈಲಿನಲ್ಲಿರುವಾಗಲೇ ಅವನ ಕೀಲಿಯಿಂದ ಫೈಲು ತೆರೆದಿದೆ. ಅದೊಂದು ತೋರಿಸಿದ್ರೆ ಸಾಕು, ಅವ ಹೊರಗೆ ಬರ್ತಾನೆ. ಇಷ್ಟು ದಿನ ಇದನ್ನೇ ಅಲ್ವಾ ಹುಡುಕಿದ್ದು?" ಅವಳು ವೇಗ ಹೆಚ್ಚಿಸಿದಳು. "ಸಿಕ್ಕಿತು ನೋಡಿ."

ಶಿಶಿರ್‌ನನ್ನು ಬಿಡಿಸುವ ಸಾಕ್ಷಿ ಹುಟ್ಟಿದ್ದೇ ಪ್ರಾಪ್ತಿ ಮತ್ತೆ ಸಿಕ್ಕಿಬಿದ್ದದ್ದರಿಂದ. ಈ ಖುಷಿಯನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ವಾಗ್ದೇವಿಗೆ ತಿಳಿಯಲಿಲ್ಲ.

ನರಿಕೊಂಬಿನಲ್ಲಿ ಕಡವಿಗೆ ಇಳಿಯುವ ಮಣ್ಣುದಾರಿಯಲ್ಲಿ ಕಾರು ಮುಂದೆ ಹೋಗಲಿಲ್ಲ. ಬೇಲಿಯ ಬದಿಯಲ್ಲಿ ಬಲೆ ಒಣಗಿಸುತ್ತಿದ್ದ ಮುದುಕನೊಬ್ಬ ಎದ್ದು ನಿಂತ. ಹೆಸರು ಜತ್ತಪ್ಪ, ಆಚೆ ಮನೆಯವನು.

"ಒಂಟಿ ಮನೆಗಾ? ಹೀಗೇ ಸೀದ ಹೋಗಿ," ಎಂದ. "ಇವತ್ತು ಆ ಹುಡುಗಿಗೆ ನೆಂಟರೇ ನೆಂಟರು. ಆಗ ಅವಳ ಗಂಡ ಬಂದ್ರು. ಪಾಪ, ಪರವೂರಿನಿಂದ ಬಂದವರು, ದಾರಿ ಗೊತ್ತಾಗ್ಲಿಲ್ಲ. ನಾನೇ ಜೊತೆಯಲ್ಲಿ ಹೋಗಿ ಮನೆ ತೋರಿಸಿದೆ."

ವಾಗ್ದೇವಿ ಓಡಿದಳು.

ಹೊಳೆಯ ಮೇಲೆ ಮಧ್ಯಾಹ್ನದ ಬಿಸಿಲು ಹೊಳೆಯುತ್ತಿತ್ತು. ಅಂಗಳದ ಹಗ್ಗದಲ್ಲಿ ಒಂದು ನೈಟಿ, ಮೈ ಒರೆಸುವ ಒಂದು ಬೈರಾಸು. ಮೆಟ್ಟಿಲ ಮೇಲೆ ಹೆಂಗಸಿನ ರಬ್ಬರ್ ಚಪ್ಪಲಿ. ಅದರ ಪಕ್ಕದಲ್ಲಿ, ಒಳ್ಳೆಯ ಮನೆಗೆ ಬಂದ ಅತಿಥಿಯಂತೆ ನೀಟಾಗಿ ಬಿಚ್ಚಿಟ್ಟ ಒಂದು ಜೊತೆ ಗಂಡಸಿನ ಬೂಟು.

ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಕಿಟಕಿಗಳೂ ಮುಚ್ಚಿದ್ದವು.

ವಾಗ್ದೇವಿ ಅಂಗೈಯಿಂದ ಬಡಿದಳು. ಕಿವಿ ಇಟ್ಟು ಕೇಳಿದಳು. ಒಳಗೆ ಫ್ಯಾನು ತಿರುಗುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಹಿಂದಿನಿಂದ ಓಡಿಬಂದ ಮುರ್ಶಿದಾ ಮನೆಯ ಹಿಂಬಾಗಿಲ ಕಡೆಗೆ ತಿರುಗಿದಳು. ಅವಳ ಹೆಜ್ಜೆ ಅಲ್ಲೇ ಎಲ್ಲೋ ನಿಂತಿತು. "ಇಲ್ಲಿಯೂ ಚಿಲಕ ಅಕ್ಕ!" ಎಂದು ಕೂಗಿದಳು.

"ಪ್ರಾಪ್ತಿ," ಎಂದಳು ವಾಗ್ದೇವಿ. "ನಾನು ವಾಗ್ದೇವಿ ಅಕ್ಕ. ಬಾಗಿಲು ತೆಗಿ."

ಫ್ಯಾನು ತಿರುಗುತ್ತಿತ್ತು.

"ಜಿತೇಶ್, ನೀನಾದರೂ ಬಾಗಿಲು ತೆಗಿ."